ರೊಟ್ಟಿ ಪಕ್ಷದ ಸಿದ್ರಾಮಪ್ಪ

ಸಿದ್ರಾಮಪ್ಪನವರಿಗೆ ಯಾರು ಏನು ಹೇಳಿದರೂ ಹೂಂಗುಟ್ಟುವ ಅಭ್ಯಾಸವಿತ್ತು. ಎದುರಿಗಿದ್ದವರು ಉಸಿರೆಳೆಯಲು ನಿಂತ ಕಡೆ ಒಂದು ಹೂಂ, ತಡವರಿಸಿದ ಕಡೆ ಇನ್ನೊಂದು ಹೂಂ. ಇಂಡಿ ತಾಲೂಕಿನ ಅವರ ಮನೆಯಲ್ಲಿ ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂ ಅನ್ನದೆ ಹೋದರೆ ಅವಳು ಅಲ್ಲಿಗೇ ಕತೆ ಮಡಚಿಟ್ಟು ಮಲಗಿಬಿಡುತ್ತಿದ್ದಳಂತೆ. ರಾಜಕುಮಾರ ಬಾವಿಯೊಳಗೆ ಇದ್ದರೆ ಬೆಳಗಿನ ತನಕ ಬಾವಿಯಲ್ಲೇ. ಆ ಹೆದರಿಕೆ ಅವರಿಗೆ ಕಡೆತನಕ ಬಿಡಲಿಲ್ಲ.

ಡಚ್ಚರ ನಾಡಿನ ಡೆಲ್ಫ್ಟ್‌ನಲ್ಲಿ ನೀರಿನ ಎಂಜಿನಿಯರಿಂಗ್ ಓದಲು ಬಂದವರು ಆಲ್ಮೆರೆಯಲ್ಲಿ ನೆಲೆ ನಿಂತರು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಊರು ಅದು. ಅಲ್ಲಿ ಬಿದ್ದ ನೀರು ತಾನಾಗಿ ಎಲ್ಲಿಗೂ ಹರಿದು ಹೋಗುವುದಿಲ್ಲ, ಎತ್ತಿ ಹೊರಗೆ ಹಾಕಬೇಕು. ಆ ಪಂಪುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಆಫೀಸಿನ ಡಚ್ಚರ ಮಧ್ಯೆಯೂ ಅವರು ಹೂಂಗುಟ್ಟುತ್ತಲೇ ಕೂತಿರುತ್ತಿದ್ದರು. ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಮನುಷ್ಯ ಇನ್ನೊಬ್ಬನಿಲ್ಲ ಎಂದು ಅಲ್ಲಿಯವರಿಗೆ ಅನ್ನಿಸಿ, ಜಗಳವಾಗುವ ಲಕ್ಷಣವಿದ್ದ ಮೀಟಿಂಗಿಗೆಲ್ಲ ಅವರನ್ನು ಕರೆಯುತ್ತಿದ್ದರು. ಅವರು ಹೋಗಿ ಇಬ್ಬರಿಗೂ ಹೂಂ ಅಂದು, ಕಾಫಿ ಕುಡಿದು ಬರುತ್ತಿದ್ದರು. ಜಗಳ ಹೇಗೋ ಆರಿರುತ್ತಿತ್ತು.

ಅವರು ಈಗಿಲ್ಲ. ಅವರ ಬಗ್ಗೆ ಬರೆಯಲು ಕೂತರೆ ದೊಡ್ಡ ಸಂಗತಿಗಳೇನೂ ಸಿಗುವುದಿಲ್ಲ. ಪಂಪುಗಳು ಕೆಡಲಿಲ್ಲ, ಊರು ಮುಳುಗಲಿಲ್ಲ. ಆ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಅಷ್ಟೆ. ಸಿಗುವುದು ಅವರು ಒಂದೇ ಒಂದು ಸಲ ಚುನಾವಣೆಗೆ ನಿಂತ ಕತೆ.

ಕೆಳನಾಡ ಕನ್ನಡ ಬಳಗ ಎಂದರೆ ಆಲ್ಮೆರೆ ಮತ್ತು ಸುತ್ತಿನ ಊರುಗಳ ಅರವತ್ತು ಚಿಲ್ಲರೆ ಕನ್ನಡ ಮನೆಗಳು. ಅದರ ಅಧ್ಯಕ್ಷರು ಯಾವಾಗಲೂ ಅವಿರೋಧವಾಗಿ ಆಯ್ಕೆಯಾಗುತ್ತಿದ್ದರು. ಅವಿರೋಧ ಅಂದರೆ, ‘ನೀವೇ ಆಗಿ’, ‘ಅಯ್ಯೋ ಬೇಡ, ನೀವೇ ಆಗಿ’ ಎಂದು ಎಲ್ಲರೂ ಎಲ್ಲರನ್ನೂ ತಳ್ಳಿ, ಕೊನೆಗೆ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದವರನ್ನು ಹಿಡಿದು ಕೂರಿಸುವುದು. ಅಧ್ಯಕ್ಷರಿಗೆ ಇದ್ದದ್ದು ಎರಡು ವಿಷಯ. ಬಳಗದ ದೊಡ್ಡ ಪಾತ್ರೆಗಳನ್ನು ತಮ್ಮ ಹಿತ್ತಲಿನ ಶೆಡ್ಡಿನಲ್ಲಿ ಇಟ್ಟುಕೊಳ್ಳುವ ಕಷ್ಟ. ಯುಗಾದಿ ಊಟಕ್ಕೆ ಏನು ಮಾಡಬೇಕು ಎಂದು ಹೇಳುವ ಅಧಿಕಾರ. ಬಳಗ ಹುಟ್ಟಿದಾಗಿನಿಂದ ಅಧ್ಯಕ್ಷರಾದವರೆಲ್ಲ ಬೆಂಗಳೂರು, ಮೈಸೂರಿನವರು. ಹಾಗಾಗಿ ಯುಗಾದಿ ಅಂದರೆ ಒಬ್ಬಟ್ಟು, ಪುಳಿಯೋಗರೆ, ಆಂಬೊಡೆ. ಸಿದ್ರಾಮಪ್ಪನವರು ಅದನ್ನೆಲ್ಲ ಸಂತೋಷವಾಗಿಯೇ ಉಂಡುಬರುತ್ತಿದ್ದರು, ಎರಡು ಸಲ ಹಾಕಿಸಿಕೊಳ್ಳುತ್ತಲೂ ಇದ್ದರು.

ಅವರ ಮನಸ್ಸು ಕೆಟ್ಟದ್ದು ಕೊರೊನಾ ಬಂದ ಮೇಲೆ. ಎರಡು ವರ್ಷ ಯುಗಾದಿ ಊಟ ಝೂಮ್‌ನಲ್ಲಾಯಿತು. ಎಲ್ಲರೂ ಅವರವರ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಎಲೆ ಹಾಕಿಕೊಂಡು, ಬೇರೆಯವರ ಎಲೆ ನೋಡುತ್ತ ಊಟ ಮಾಡುವುದು. ಎರಡನೆಯ ವರ್ಷ ಸಿದ್ರಾಮಪ್ಪನವರ ಎಲೆಯಲ್ಲಿ ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಇದ್ದವು. ಅವರು ರೊಟ್ಟಿ ಮುರಿದ ಸದ್ದು ಅರವತ್ತು ಮನೆಗೂ ಕೇಳಿಸಿತು. ಪರದೆಯ ಯಾವುದೋ ಮೂಲೆಯಿಂದ ಒಬ್ಬ ತರುಣ ಬಹಳ ವಿನಯದಿಂದ ಕೇಳಿದ:

“ಅಂಕಲ್, ಅಷ್ಟು ದೊಡ್ಡ ಹಪ್ಪಳ ಎಲ್ಲಿ ಸಿಗುತ್ತೆ?”

ಸಿದ್ರಾಮಪ್ಪನವರು ಹೂಂ ಅಂದರು. ಕ್ಯಾಮೆರಾ ಆರಿಸಿದರು. ಹೆಂಡತಿಯ ಕಡೆ ತಿರುಗಿ, “ಗಂಗಾ, ಒಂದ ಸಲ ಈ ಮಂದಿಗೆ ರೊಟ್ಟಿ ಉಣಸಬೇಕು” ಅಂದರು.

“ಉಣಸ್ರಿ,” ಅಂದರು ಶಿವಗಂಗವ್ವ. “ಬಡಿಯಾವ್ರು ಯಾರು?”

ಸಿದ್ರಾಮಪ್ಪನವರು ಇನ್ನೊಂದು ರೊಟ್ಟಿ ಮುರಿದರು. ಆದರೆ ರೊಟ್ಟಿ ಊಟದ ಆಸೆ ಒಳಗೆ ಕೂತುಬಿಟ್ಟಿತು. ಹೊಸ ಅಧ್ಯಕ್ಷರ ಆಯ್ಕೆಗೆ ಹೆಸರು ಕೇಳಿದಾಗ ಅವರು ಯಾರೂ ತಳ್ಳದೆಯೇ ತಾವಾಗಿ ನಿಂತರು. ಬಳಗದ ಇತಿಹಾಸದಲ್ಲಿ ಹಾಗೆ ಆದದ್ದು ಅದೇ ಮೊದಲು. ಕಾರ್ಯದರ್ಶಿ ನಾಗಮಣಿ ಏನೋ ತಪ್ಪಾಗಿದೆ ಎಂದುಕೊಂಡು ಎರಡು ಸಲ ಫೋನ್ ಮಾಡಿ ಕೇಳಿದರು. ಒಬ್ಬರು ಆಸೆಪಟ್ಟು ನಿಂತರು ಎಂದ ಮೇಲೆ ಅದರಲ್ಲಿ ಏನೋ ಇರಬೇಕು ಎಂದು ಶೇಷಾದ್ರಿಯವರೂ ನಿಂತರು.

ಶೇಷಾದ್ರಿ ಮೈಸೂರಿನವರು. ಜೈಡಾಸ್ ಎಂಬ ಆಫೀಸುಗಳ ಬಡಾವಣೆಯ ಬ್ಯಾಂಕೊಂದರಲ್ಲಿ ಮುಂದೆ ಬರಬಹುದಾದ ಅಪಾಯಗಳನ್ನು ಲೆಕ್ಕ ಹಾಕುವ ಕೆಲಸ. ಒಳ್ಳೆಯ ಮನುಷ್ಯ, ಒಳ್ಳೆಯ ಮಾತುಗಾರ. ನಿಲ್ಲಿಸುವುದು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಎರಡು ವರ್ಷ ಮನೆಯಲ್ಲೇ ಕೂತು ಕೆಲಸ ಮಾಡಿದ್ದರಿಂದ ಆಡದೆ ಉಳಿದ ಮಾತುಗಳು ಅವರಲ್ಲಿ ಬಹಳ ಶೇಖರವಾಗಿದ್ದವು. ಅವರ ಭರವಸೆ ಆಂಬೊಡೆ. ‘ಎರಡು ವರ್ಷದ ಬಾಕಿಯೂ ಸೇರಿ ಈ ಸಲ ಎಲೆಗೆ ಮೂರು ಆಂಬೊಡೆ’ ಎಂದು ವಾಟ್ಸಾಪಿನಲ್ಲಿ ಘೋಷಿಸಿದರು. ಜನ ಕೈಮುಗಿಯುವ ಚಿತ್ರ ಹಾಕಿದರು.

ಸಿದ್ರಾಮಪ್ಪನವರ ಪ್ರಚಾರದ ಹೊಣೆ ಹೊತ್ತವಳು ಪದ್ಮಿನಿ. ಬೆಂಗಳೂರಿನ ಹುಡುಗಿ, ಪಕ್ಕದ ಬೀದಿಯವಳು. ಲಾಕ್‌ಡೌನಿನಲ್ಲಿ ಅವಳಿಗೆ ಕೊರೊನಾ ಬಂದು ಬಿದ್ದಾಗ ಶಿವಗಂಗವ್ವ ದಿನವೂ ಬಾಗಿಲಲ್ಲಿ ರೊಟ್ಟಿ, ಸಾರು ಇಟ್ಟು ಬರುತ್ತಿದ್ದರು. ರುಚಿ ಹೋದ ನಾಲಿಗೆಗೆ ವಾಪಸ್ಸು ಬಂದ ಮೊದಲ ರುಚಿ ಶೇಂಗಾ ಚಟ್ನಿಯದು ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು.

“ಅಂಕಲ್, ಕಾಂಪೇನ್ ಸಿಂಪಲ್,” ಅಂದಳು. “ಡೋರ್ ಟು ಡೋರ್ ಹೋಗಿ. ಒಂದು ರೊಟ್ಟಿ ಕೊಡಿ, ಸ್ಮೈಲ್ ಮಾಡಿ, ಬನ್ನಿ. ಜಾಸ್ತಿ ಮಾತಾಡ್ಬೇಡಿ.”

“ನಾ ಯಾವಾಗ ಜಾಸ್ತಿ ಮಾತಾಡೇನವ್ವಾ?”

“ಅದಕ್ಕೇ ಅಂಕಲ್ ನೀವು ಪರ್ಫೆಕ್ಟ್.”

ಹೀಗೆ ಸಿದ್ರಾಮಪ್ಪನವರು, ಮುಂದೆ ಪೆಟ್ಟಿಗೆ ಇರುವ, ಡಚ್ಚರು ಮಕ್ಕಳನ್ನು ಕೂರಿಸಿಕೊಂಡು ಹೋಗುವ ಸೈಕಲ್ಲೊಂದನ್ನು ಎರವಲು ತಂದು, ಮಕ್ಕಳು ಕೂರುವಲ್ಲಿ ರೊಟ್ಟಿಯ ಬುಟ್ಟಿ ಇಟ್ಟು, ಎದುರುಗಾಳಿಯಲ್ಲಿ ತುಳಿಯುತ್ತ ಹೊರಟರು. ಬುಟ್ಟಿಗೆ ಸೀಟುಬೆಲ್ಟು ಹಾಕಿದ್ದರು.

ಅದೇ ವಾರ ಯುದ್ಧ ಶುರುವಾಯಿತು.

ಉಕ್ರೇನ್ ಆಲ್ಮೆರೆಯಿಂದ ಕಾರಿನಲ್ಲಿ ಎರಡು ದಿನದ ದಾರಿ. ಎರಡು ವರ್ಷ ವೈರಸ್ಸಿನ ಪಂಡಿತರಾಗಿದ್ದ ಬಳಗದವರು ರಾತ್ರಿ ಕಳೆಯುವುದರೊಳಗೆ ಟ್ಯಾಂಕುಗಳ ಪಂಡಿತರಾದರು. ಮಾಸ್ಕಿನ ಮೂರು ಪದರದ ಬಗ್ಗೆ ಹೊಡೆದಾಡಿದವರು ಕ್ಷಿಪಣಿಯ ದೂರದ ಬಗ್ಗೆ ಹೊಡೆದಾಡತೊಡಗಿದರು. ಎರಡು ಕಡೆಯಾಯಿತು. ಇಂಥ ಹೊತ್ತಿನಲ್ಲಿ ಅಧ್ಯಕ್ಷರಾಗುವವರ ನಿಲುವು ಏನು ಎಂಬ ಪ್ರಶ್ನೆ ಎದ್ದಿತು. ಪಾತ್ರೆ ಇಟ್ಟುಕೊಳ್ಳುವವರಿಗೆ ಯುದ್ಧದ ನಿಲುವು ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ.

ಸಿದ್ರಾಮಪ್ಪನವರು ಮೊದಲು ಹೋದದ್ದು ಗುಂಡಪ್ಪನವರ ಮನೆಗೆ. ಗುಂಡಪ್ಪ ಆಗ ಕಾಪೆಲ್ಲೆ ಎಂಬ ಊರಿನ ಆಫೀಸಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅಂದರೆ ಮಾತಿಗೆ ಜನ ಸಿಗದೆ ಕಾದು ಕೂತಿದ್ದರು. ರೊಟ್ಟಿ ಈಸಿಕೊಂಡು, ಕೇಸರಿಬಾತ್ ಕೊಟ್ಟು, ಎದುರು ಕೂತರು.

“ನೀವೇ ಹೇಳಿ ಸಿದ್ರಾಮಪ್ಪನವ್ರೇ. ನಾವು ಚಿಕ್ಕವರಿದ್ದಾಗ ಊರಿಗೆ ರಷ್ಯದ ಪುಸ್ತಕದ ವ್ಯಾನು ಬರ್ತಿತ್ತು. ಎಂಥ ಕಾಗದ! ಎಂಥ ಬಣ್ಣ!”

“ಹೂಂ.”

“ಪುಕ್ಕಟೆ ಅನ್ನೋ ಹಾಗೆ ಕೊಡ್ತಿದ್ರು. ನಾನು ಫಿಸಿಕ್ಸ್ ಓದಿದ್ದೇ ಆ ಪುಸ್ತಕದಿಂದ.”

“ಹೂಂ.”

“ಅಷ್ಟು ನುಣುಪು ಕಾಗದದಲ್ಲಿ ಮಕ್ಕಳ ಪುಸ್ತಕ ಅಚ್ಚು ಹಾಕೋ ಜನ, ಕಾರಣ ಇಲ್ಲದೆ ಜಗಳಕ್ಕೆ ಹೋಗ್ತಾರಾ?”

ಸಿದ್ರಾಮಪ್ಪನವರ ಬಾಯಲ್ಲಿ ಕೇಸರಿಬಾತ್ ಇತ್ತು. ಅವರ ಹೂಂ ಮೂಗಿನಿಂದ ಬಂತು.

ಅಲ್ಲಿಂದ ಅನಸೂಯಾಳ ಮನೆಗೆ. ಅವಳ ಸಾಫ್ಟ್‌ವೇರ್ ತಂಡದ ಅರ್ಧ ಜನ ಉಕ್ರೇನಿನ ಕೀವ್ ಊರಿನವರು.

“ನಮ್ಮ ಟೆಸ್ಟರ್ ಇವತ್ತು ಮೆಟ್ರೋ ಸ್ಟೇಷನ್ ಒಳಗಿಂದ ಕಾಲ್‌ಗೆ ಬಂದ್ಲು ಅಂಕಲ್,” ಅಂದಳು ಅನಸೂಯಾ. “ಪಕ್ಕದಲ್ಲಿ ಮಗು ಮಲಗಿತ್ತು. ‘ಇವತ್ತಿನ ಕೆಲಸ ನಾಳೆ ಮುಗಿಸ್ಲಾ’ ಅಂತ ಪರ್ಮಿಷನ್ ಕೇಳ್ತಾಳೆ. ನಮ್ಮ ಗ್ರೂಪಲ್ಲಿ ಕೂತವರು ಇದಕ್ಕೂ ಒಂದು ಕಾರಣ ಕೊಡ್ತಾರಲ್ಲ, ಅವರಿಗೆ ಏನನ್ಬೇಕು?”

ಸಿದ್ರಾಮಪ್ಪನವರು ಹೂಂ ಅಂದರು. ಆ ಹೂಂ ಬಹಳ ಸಣ್ಣಗಿತ್ತು. ಅವಳಿಗೆ ಕೊಡಬೇಕಾದ ರೊಟ್ಟಿಯನ್ನು ಕೊಡುವುದೇ ಮರೆತು ಸೈಕಲ್ ಹತ್ತಿದರು. ಅರ್ಧ ದಾರಿಯಿಂದ ಮತ್ತೆ ಹೋಗಿ ಕೊಟ್ಟುಬಂದರು.

ಸಂಜೆ ವಾಟ್ಸಾಪ್ ಹೊತ್ತಿಕೊಂಡಿತು. ‘ಸಿದ್ರಾಮಪ್ಪನವರು ನಮ್ಮ ಕಡೆ’ ಎಂದು ಗುಂಡಪ್ಪ ಬರೆದರು. ‘ಸಾಧ್ಯವೇ ಇಲ್ಲ, ನಮ್ಮ ಮನೆಯಲ್ಲಿ ಅವರಿಗೆ ಕಣ್ಣಲ್ಲಿ ನೀರು ಬಂದಿತ್ತು’ ಎಂದು ಅನಸೂಯಾ. ‘ಅದು ಎದುರುಗಾಳಿಗೆ’ ಎಂದು ಗುಂಡಪ್ಪ. ಆಮೇಲೆ ಯಾರೋ ‘ಇಬ್ಬಗೆ ನೀತಿ’ ಎಂದರು, ಯಾರೋ ‘ಅವಕಾಶವಾದಿ’ ಎಂದರು. ಹಪ್ಪಳದ ತರುಣ ‘ಅಂಕಲ್ ಪಾಪ’ ಎಂದು ಬರೆದು, ಎರಡೂ ಕಡೆಯವರಿಂದ ಬೈಸಿಕೊಂಡ.

ಶಿವಗಂಗವ್ವ ಫೋನನ್ನು ಗಂಡನ ಮುಂದೆ ಹಿಡಿದರು. “ಏನ್ರೀ ಇದು? ಇವರಿಗೆ ಏನ ಅಂದು ಬಂದ್ರಿ?”

“ಏನೂ ಅಂದಿಲ್ಲ. ಹೂಂ ಅಂದೆ.”

“ಇಬ್ಬರಿಗೂ?”

“ಹೂಂ.”

“ಇದು ಯಾರಿಗೆ ಅಂದ್ರಿ ಈಗ?”

ಪದ್ಮಿನಿ ಓಡಿಬಂದಳು. “ಅಂಕಲ್, ಇನ್ಮೇಲೆ ಹೂಂ ಬ್ಯಾನ್. ಯಾರಾದ್ರೂ ಮಾತಾಡಿದ್ರೆ ಸುಮ್ನೆ ನೋಡಿ.”

ಅವರು ಒಂದು ದಿನ ಪ್ರಯತ್ನಪಟ್ಟರು. ಹೂಂ ಇಲ್ಲದೆ ಕೇಳಿಸಿಕೊಂಡರೆ ಎದುರಿಗಿದ್ದವರಿಗೆ ದಿಗಿಲಾಗುತ್ತಿತ್ತು. “ಯಾಕ್ ಸಾರ್, ಹುಷಾರಿಲ್ವಾ? ಟೆಸ್ಟ್ ಮಾಡಿಸ್ಕೊಂಡ್ರಾ?” ಎಂದು ಕೇಳಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಒಬ್ಬರು ಒಳಗೆ ಹೋಗಿ, ಮೂಗಿಗೆ ಕಡ್ಡಿ ಹಾಕಿ ನೋಡಿಕೊಳ್ಳುವ ಕೊರೊನಾ ಕಿಟ್ಟನ್ನೇ ತಂದುಕೊಟ್ಟರು. ಸಿದ್ರಾಮಪ್ಪನವರು ಅದನ್ನು ಈಸಿಕೊಂಡು, ಮರ್ಯಾದೆಗೆ ಅವರ ಬಾಗಿಲಲ್ಲೇ ಮಾಡಿ ತೋರಿಸಿ, ಒಂದೇ ಗೆರೆ ಬರುವ ತನಕ ನಿಂತು, ರೊಟ್ಟಿ ಕೊಟ್ಟುಬಂದರು.

ಮಾರ್ಚ್ ನಡುವೆ ನಾಗಮಣಿ ಇಬ್ಬರು ಅಭ್ಯರ್ಥಿಗಳನ್ನೂ ಝೂಮ್‌ನಲ್ಲಿ ಕೂರಿಸಿ ಚರ್ಚೆ ಇಟ್ಟರು. ಅವರ ಮೊದಲ ಪ್ರಶ್ನೆಯೇ ಅದು: “ಯುದ್ಧದ ಬಗ್ಗೆ ನಿಮ್ಮ ನಿಲುವೇನು? ದಯವಿಟ್ಟು ಸಂಕ್ಷಿಪ್ತವಾಗಿ.”

ಶೇಷಾದ್ರಿ ನಕ್ಷೆ ತೆಗೆದರು. ಕೆಂಪು ಬಾಣ, ನೀಲಿ ಬಾಣ, ಚುಕ್ಕಿಗೆರೆಯ ಬಾಣ. ಇತಿಹಾಸದಿಂದ ಶುರುಮಾಡಿ, ಚಳಿಗಾಲ, ರೈಲುಮಾರ್ಗ, ಗೋಧಿ ಎಲ್ಲ ಮುಗಿಸಿ, ಕೊನೆಗೆ ಯಾರಿಗೂ ಬೇಸರವಾಗದ ಒಂದು ಮಾತು ಹೇಳಿದರು: “ನಾನು ಯಾರ ಪರವೂ ಅಲ್ಲ, ವಿರೋಧವೂ ಅಲ್ಲ. ನನ್ನ ಮಾಡೆಲ್ ಪ್ರಕಾರ ಇದು ಯುಗಾದಿಗೆ ಮುಂಚೆ ಮುಗಿಯುತ್ತೆ. ಹಬ್ಬಕ್ಕೆ ಆಂಬೊಡೆ ಖಚಿತ.”

ಸಿದ್ರಾಮಪ್ಪನವರ ಸರದಿ ಬಂತು. ಪಕ್ಕದಲ್ಲಿ ಪದ್ಮಿನಿ ಬರೆದುಕೊಟ್ಟ ನಿಲುವು ಇತ್ತು. ಅದನ್ನು ನೋಡಿದರು, ಮಡಚಿದರು. “ನನಗ ಅಷ್ಟ ತಿಳಿಯೂದಿಲ್ರಿ. ಲಗೂನ ನಿಲ್ಲಲಿ. ಶೇಷಾದ್ರಿಯವರ ಲೆಕ್ಕ ಖರೇ ಆಗಲಿ. ನನ್ನ ಆರಿಸಿದ್ರ ರೊಟ್ಟಿ ಮಾಡ್ತೀನಿ.”

ಎದುರಾಳಿಯ ಲೆಕ್ಕ ನಿಜವಾಗಲಿ ಎಂದು ಹಾರೈಸುವ ಅಭ್ಯರ್ಥಿಗೆ ಯಾರು ಮತ ಹಾಕುತ್ತಾರೆ? ಪದ್ಮಿನಿ ತಲೆ ಮೇಲೆ ಕೈಹೊತ್ತು ಕೂತಳು.

ಆದರೆ ಮರುವಾರ ಸೂಪರ್‌ಮಾರ್ಕೆಟ್ಟಿನ ಎಣ್ಣೆಯ ಸಾಲಿನಲ್ಲಿ ಒಂದು ಬೋರ್ಡು ಬಂತು: ಸೂರ್ಯಕಾಂತಿ ಎಣ್ಣೆ, ಒಬ್ಬರಿಗೆ ಎರಡೇ ಬಾಟಲಿ. ಸೂರ್ಯಕಾಂತಿ ಬೆಳೆಯುವ ಹೊಲದಲ್ಲಿ ಟ್ಯಾಂಕುಗಳು ಓಡಾಡುತ್ತಿದ್ದವು. ಅಷ್ಟು ಹೊತ್ತೂ ನಕ್ಷೆಯ ಮೇಲಿದ್ದ ಯುದ್ಧ ಅವತ್ತು ಆಲ್ಮೆರೆಯ ಬಾಣಲೆಗೆ ಬಂತು. ನೂರೈವತ್ತು ಎಲೆಗೆ ಮೂರರಂತೆ ಆಂಬೊಡೆ ಕರಿಯಲು ಎಷ್ಟು ಎಣ್ಣೆ ಬೇಕು ಎಂದು ಬಳಗದ ಪ್ರತಿ ಮನೆಯಲ್ಲೂ ಯೋಚಿಸಿದರು. ಆಮೇಲೆ ಎಲ್ಲರಿಗೂ ಒಟ್ಟಿಗೇ ನೆನಪಾಯಿತು: ರೊಟ್ಟಿಗೆ ಎಣ್ಣೆ ಬೇಡ. ಬಿಸಿನೀರು, ಜೋಳದ ಹಿಟ್ಟು, ಹಂಚು. ಮುಗಿಯಿತು.

ಅಲ್ಲಿಂದ ಮುಂದೆ ಯಾರ ತಪ್ಪು, ಯಾರ ಸರಿ ಎಂಬ ಮಾತು ಬಳಗದಲ್ಲಿ ನಿಂತೇಹೋಯಿತು. ಉಳಿದದ್ದು ಒಂದೇ ಪ್ರಶ್ನೆ. ಯುಗಾದಿಗೆ ಮುಂಚೆ ಯುದ್ಧ ಮುಗಿಯುತ್ತದೋ, ಇಲ್ಲವೋ? ಮುಗಿಯುತ್ತದೆ ಎನ್ನುವವರು ಆಂಬೊಡೆ ಪಕ್ಷ, ಮುಗಿಯುವುದಿಲ್ಲ ಎನ್ನುವವರು ರೊಟ್ಟಿ ಪಕ್ಷ. ಗುಂಡಪ್ಪನವರು ತಮ್ಮ ಪುಸ್ತಕದ ವ್ಯಾನಿನವರು ಬೇಗ ಗೆದ್ದು ಮುಗಿಸುತ್ತಾರೆ ಎಂದು ಆಂಬೊಡೆ ಪಕ್ಷ ಸೇರಿದರು. ಅನಸೂಯಾ, ಹೇಗಾದರೂ ಸರಿ, ತನ್ನ ಟೆಸ್ಟರ್ ಮನೆಗೆ ಹೋಗಲಿ ಎಂದು ಅದೇ ಪಕ್ಷ ಸೇರಿದಳು. ಹದಿನೈದು ದಿನ ಒಬ್ಬರ ಮುಖ ಒಬ್ಬರು ನೋಡದಿದ್ದವರು ಕಡಲೆಬೇಳೆ ಎಷ್ಟು ಹೊತ್ತು ನೆನೆಯಬೇಕು ಎಂದು ಫೋನಿನಲ್ಲಿ ಮಾತಾಡಿಕೊಂಡರು.

ಬಳಗದಲ್ಲಿ ಮನೆಗೆ ಒಂದೇ ಮತ ಎಂಬ ನಿಯಮವಿತ್ತು. ಇದರಿಂದ ಮನೆಗಳ ಒಳಗೆ ಬೇರೆ ಯುದ್ಧಗಳಾದವು. ಮದುವೆಯಾಗಿ ಆರು ತಿಂಗಳಾಗಿದ್ದ ಒಂದು ಜೋಡಿಯಲ್ಲಿ ಗಂಡ ಶಾಂತಿ ಬರುತ್ತದೆ ಎನ್ನುತ್ತಿದ್ದ, ಹೆಂಡತಿ ಬರುವುದಿಲ್ಲ ಎನ್ನುತ್ತಿದ್ದಳು. ಆ ಒಂದು ಮತಕ್ಕಾಗಿ ಇಬ್ಬರೂ ಮಾತು ಬಿಟ್ಟರು. ಹಾಗಾಗಿ ಅವಳ ಲೆಕ್ಕವೇ ಸರಿ ಎಂದು ಜನ ಆಡಿಕೊಂಡರು.

ದಿನದಿನಕ್ಕೆ ಸುದ್ದಿ ಕೆಡುತ್ತ ಹೋಯಿತು. ಸುದ್ದಿ ಕೆಟ್ಟಷ್ಟೂ ಸಿದ್ರಾಮಪ್ಪನವರ ಸ್ಥಿತಿ ಸುಧಾರಿಸಿತು. ಬೆಳಿಗ್ಗೆ ಯಾವುದೋ ಊರಿನ ಮೇಲೆ ಬಾಂಬು ಬಿದ್ದರೆ ಸಂಜೆಗೆ ಇಲ್ಲಿ ಎರಡು ಮನೆ ರೊಟ್ಟಿ ಪಕ್ಷಕ್ಕೆ ಬರುತ್ತಿದ್ದವು. ಸಿದ್ರಾಮಪ್ಪನವರು ಸೈಕಲ್ ಹತ್ತುವುದನ್ನು ಬಿಟ್ಟರು. ಟಿವಿಯ ಮುಂದೆ ಕೂತಿರುತ್ತಿದ್ದರು. ಅಲ್ಲಿ ಮಾತುಕತೆ ಎಂಬ ಪದ ಬಂದಾಗಲೆಲ್ಲ ಮುಂದಕ್ಕೆ ಬಗ್ಗಿ ಹೂಂ, ಹೂಂ ಅನ್ನುತ್ತಿದ್ದರು, ವಾರ್ತೆ ಓದುವ ಹುಡುಗಿ ಅಲ್ಲಿಗೇ ಮಡಚಿಟ್ಟುಬಿಟ್ಟಾಳು ಎಂಬ ಹಾಗೆ.

ಚುನಾವಣೆಯ ಹಿಂದಿನ ದಿನ ಪದ್ಮಿನಿ ಬಾಗಿಲು ದಬ್ಬಿಕೊಂಡು ಬಂದಳು. “ಅಂಕಲ್, ಗುಡ್ ನ್ಯೂಸ್! ಮಾತುಕತೆ ಫೇಲ್ ಆಯ್ತಂತೆ! ಇನ್ನು ನಾಲ್ಕು ಮನೆ ನಮ್ಮ ಕಡೆ ಗ್ಯಾರಂಟಿ.”

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ಗೊತ್ತಾಯಿತು. ನಿಂತಲ್ಲೇ ನಿಂತಳು. “ಐ ಮೀನ್... ಬ್ಯಾಡ್ ನ್ಯೂಸ್. ಅಂದ್ರೆ, ನಮಗೆ ಮಾತ್ರ... ಅಲ್ವಾ ಅಂಕಲ್?”

ಸಿದ್ರಾಮಪ್ಪನವರು ಅವಳ ಮುಖ ನೋಡಿದರು. ಅವಳು ಕಾದಳು. ಅವರು ಹೂಂ ಅನ್ನಲಿಲ್ಲ.

“ಚಹಾ ಕುಡೀತೀಯೇನವ್ವಾ?” ಅಂದರು.

ಭಾನುವಾರ ಬೆಳಿಗ್ಗೆ ಝೂಮ್‌ನಲ್ಲಿ ಮತದಾನ. ಹೆಸರು ಕರೆದಾಗ ಪರದೆಯ ಮೇಲೆ ಹಳದಿ ಕೈ ಎತ್ತಬೇಕು, ಅಷ್ಟೆ. ಗೋಪ್ಯ ಮತದಾನ ಮಾಡಬೇಕೆಂದು ನಾಗಮಣಿ ಬಹಳ ಹೇಳಿದ್ದರು. ಹಾಗೆ ಮಾಡಿದರೆ ಯಾರು ಯಾರಿಗೆ ಹಾಕಿದರು ಎಂದು ತಿಳಿಯುವುದಿಲ್ಲ ಎಂದು ಸದಸ್ಯರೇ ವಿರೋಧಿಸಿದ್ದರು. ಶಿವಗಂಗವ್ವ ಹೊಸ ಇಳಕಲ್ ಸೀರೆ ಉಟ್ಟು ಗಂಡನ ಪಕ್ಕ ಕೂತರು. ನೂರೈವತ್ತು ಮಂದಿಗೆ ನಾನು ಬಡಿಯುವುದಿಲ್ಲ ಎಂದು ಅವರು ತಿಂಗಳಿಂದ ಹೇಳುತ್ತಿದ್ದರೂ ಜೋಳದ ಹಿಟ್ಟಿನ ಚೀಲಗಳು ಅಡುಗೆಮನೆಯಲ್ಲಿ ಆಗಲೇ ಬಂದು ಕೂತಿದ್ದವು.

“ಮೊದಲನೆಯದಾಗಿ, ಶ್ರೀ ಶೇಷಾದ್ರಿಯವರ ಪರ ಇರುವವರು ಕೈ ಎತ್ತಿ,” ಅಂದರು ನಾಗಮಣಿ.

ಹಳದಿ ಕೈಗಳು ಒಂದೊಂದಾಗಿ ಎದ್ದವು. ಶೇಷಾದ್ರಿಯವರ ಕೈ ಎಲ್ಲರಿಗಿಂತ ಮೊದಲು ಎದ್ದಿತು. ಗುಂಡಪ್ಪ, ಅನಸೂಯಾ. ಆಮೇಲೆ ಸಿದ್ರಾಮಪ್ಪನವರ ಚೌಕದಲ್ಲೂ ಒಂದು ಕೈ ಎದ್ದಿತು.

“ಸಿದ್ರಾಮಪ್ಪನವ್ರೇ, ನಿಮ್ಮ ಕೈ ತಪ್ಪಿ ಮೇಲೆ ಹೋಗಿದೆ,” ಅಂದರು ನಾಗಮಣಿ.

“ತಪ್ಪಿಲ್ರಿ.”

“ಇದು ಶೇಷಾದ್ರಿಯವರಿಗೆ ಹಾಕೋ ಮತ ಸಾರ್. ನಿಮ್ಮದು ಆಮೇಲೆ.”

“ಗೊತ್ತೈತ್ರಿ.”

“ಅಂಕಲ್! ಕೈ ಇಳಿಸಿ!” ಎಂದು ಪದ್ಮಿನಿ, ಮತದಾನದ ಹೊತ್ತಿನಲ್ಲಿ ಮಾತಾಡುವ ಹಕ್ಕಿಲ್ಲದಿದ್ದರೂ, ಕೂಗಿದಳು.

ಶಿವಗಂಗವ್ವ ಮೌಸಿಗೆ ಕೈ ಹಾಕಿದರು. ಅರವತ್ತು ಮನೆಯವರು ನೋಡುತ್ತಿದ್ದಂತೆ ಆ ಚೌಕದಲ್ಲಿ ಹಳದಿ ಕೈ ಇಳಿಯಿತು, ಎದ್ದಿತು, ಇಳಿಯಿತು, ಮತ್ತೆ ಎದ್ದಿತು.

“ಮನಿಗೆ ಒಂದ ಓಟು, ಅದನ್ನೂ ಅವರಿಗೆ ಕೊಡ್ತೀರಲ್ರಿ! ರೊಟ್ಟಿ ಬ್ಯಾಡೇನು ನಿಮಗ?”

“ರೊಟ್ಟಿ ಬೇಕು,” ಅಂದರು ಸಿದ್ರಾಮಪ್ಪ. “ಆದ್ರ ನನಗ ನಾನ ಓಟ ಹಾಕಿದ್ರ ಲಡಾಯಿ ನಡೀಲಿ ಅಂದಂಗ ಆಗ್ತೈತಿ. ಅದು ನಿಲ್ಲಬೇಕು ಗಂಗಾ. ಆಂಬೊಡೆ ಗೆಲ್ಲಲಿ.”

ಶಿವಗಂಗವ್ವ ಮೌಸು ಬಿಟ್ಟರು. ಕೈ ಮೇಲೇ ಉಳಿಯಿತು.

ಶೇಷಾದ್ರಿ ಒಂದೇ ಮತದಿಂದ ಗೆದ್ದರು. ಅದು ಯಾರ ಮತ ಎಂದು ಲೆಕ್ಕ ಹಾಕಲು ಯಾರ ಮಾಡೆಲ್ಲೂ ಬೇಕಿರಲಿಲ್ಲ. ವಿಜಯಭಾಷಣ ಮಾಡಲು ಅವರನ್ನು ಕೇಳಿದರೆ, ಬಳಗದ ಇತಿಹಾಸದಲ್ಲೇ ಮೊದಲ ಸಲ ಅವರಿಗೆ ಮಾತು ಹೊರಡಲಿಲ್ಲ.

ಯುದ್ಧ ನಿಲ್ಲಲಿಲ್ಲ.

ಯುಗಾದಿಗೆ ಕೆಲವೇ ದಿನ ಇತ್ತು. ಶೇಷಾದ್ರಿ ಕಾರು ಹತ್ತಿ ಊರೂರು ತಿರುಗಿದರು. ಹೆಂಡತಿ, ಮಗಳು, ಅತ್ತೆ ಬೇರೆ ಬೇರೆ ಬಾಗಿಲಿನಿಂದ ಒಂದೇ ಅಂಗಡಿಗೆ ಹೋಗಿ, ಒಬ್ಬರನ್ನೊಬ್ಬರು ಗುರುತಿಲ್ಲದವರಂತೆ ಎರಡೆರಡು ಬಾಟಲಿ ಹಿಡಿದು ಸಾಲಿನಲ್ಲಿ ನಿಂತರು. ಅತ್ತೆಯವರು ಅಭ್ಯಾಸಬಲದಿಂದ, “ಶೇಷೂ, ಚೀಲ ತಂದ್ಯೇನೋ?” ಎಂದು ಕೂಗಿ ಎಲ್ಲರನ್ನೂ ಸಿಕ್ಕಿಸಿದರು. ಆ ಸಂಜೆ ಶೇಷಾದ್ರಿ ಸಿದ್ರಾಮಪ್ಪನವರ ಬಾಗಿಲಲ್ಲಿ ನಿಂತಿದ್ದರು.

“ಸಿದ್ರಾಮಪ್ಪನವ್ರೇ, ನನ್ನ ಮಾಡೆಲ್‌ನಲ್ಲಿ ಸ್ವಲ್ಪ ವ್ಯತ್ಯಾಸ ಆಗಿದೆ.”

“ಹೂಂ.”

“ಎಣ್ಣೆ ಸಾಲಲ್ಲ. ಅಧ್ಯಕ್ಷನಾಗಿ ನಾನು ಒಂದು ತೀರ್ಮಾನಕ್ಕೆ ಬಂದಿದೀನಿ.”

“ಹೂಂ.”

“ತೀರ್ಮಾನ ಏನೂಂದ್ರೆ...” ಶೇಷಾದ್ರಿ ಕನ್ನಡಕ ತೆಗೆದು ಒರೆಸಿಕೊಂಡರು. “ರೊಟ್ಟಿ ಮಾಡೋದು ಹೇಗೆ?”

ಒಳಗಿನಿಂದ ಶಿವಗಂಗವ್ವನವರ ಧ್ವನಿ ಬಂತು. “ಕೈ ತೊಳಕೊಂಡ ಒಳಗ ಬರ್ರಿ ಅಧ್ಯಕ್ಷರ.”

ಒಬ್ಬರೇ ಬಡಿಯುವುದು ಆಗದ ಮಾತು. ಹಾಗಾಗಿ ಪ್ರತಿ ಮನೆಯವರೂ ತಮ್ಮ ಪಾಲಿನ ರೊಟ್ಟಿ ಬಡಿದು ತರುವುದು ಎಂದು ಗೊತ್ತಾಯಿತು. ಶಿವಗಂಗವ್ವ ಝೂಮ್‌ನಲ್ಲಿ ಪಾಠ ಇಟ್ಟರು. ಸಿದ್ರಾಮಪ್ಪನವರು ಫೋನು ಹಿಡಿದು ಹೆಂಡತಿಯ ಕೈಯ ಮೇಲೆ ಕ್ಯಾಮೆರಾ ನಿಲ್ಲಿಸುವ ಕೆಲಸಕ್ಕೆ ನಿಂತರು.

“ಕೈ ಬಿಚ್ಚಿ ಬಡೀರಿ. ಅಂಜಬ್ಯಾಡ್ರಿ, ಅದೇನ ಕಚ್ಚೂದಿಲ್ಲ. ಏ ಪದ್ಮಿನಿ, ಲಟ್ಟಣಿಗಿ ಕೆಳಗ ಇಡು! ನನಗ ಕಾಣಾಕತ್ತೈತಿ. ಗುಂಡಪ್ಪನವರ, ಅದು ಹಿಟ್ಟೋ ಅಂಬಲಿಯೋ?”

“ಮೇಡಂ, ನಂದು ನೋಡಿ,” ಎಂದು ಶೇಷಾದ್ರಿ ಹೆಮ್ಮೆಯಿಂದ ಹಂಚನ್ನೇ ಕ್ಯಾಮೆರಾಕ್ಕೆ ಹಿಡಿದರು. ಮೇಲೆ ಒಂದು ಕೊಂಬು, ಪಕ್ಕಕ್ಕೆ ಒಂದು ಬಾಲ, ಕೆಳಗಿನ ಒಂದು ತುಂಡು ಬೇರೆಯಾಗಿ ಬಿದ್ದಿತ್ತು.

ಶಿವಗಂಗವ್ವ ಬಗ್ಗಿ ನೋಡಿದರು. “ಇದು ರೊಟ್ಟಿ ಅಲ್ರಿ ಶೇಷಾದ್ರಿಯವರ. ನೀವು ಅವತ್ತ ತೋರಿಸಿದ ನಕ್ಷಾ.”

ಕ್ಯಾಮೆರಾ ಕುಣಿಯತೊಡಗಿತು. ಫೋನು ಹಿಡಿದಿದ್ದ ಸಿದ್ರಾಮಪ್ಪನವರು ನಗುತ್ತಿದ್ದರು. ಅರವತ್ತು ಮನೆಗೂ ಸ್ವಲ್ಪ ಹೊತ್ತು ಶಿವಗಂಗವ್ವನವರ ಅಡುಗೆಮನೆಯ ಮಾಡು ಕಾಣಿಸಿತು, ಆಮೇಲೆ ಸಿದ್ರಾಮಪ್ಪನವರ ಪಾದ.

ಯುಗಾದಿಯ ದಿನ ಬಡಾವಣೆಯ ಸಭಾಭವನದಲ್ಲಿ, ಎರಡು ವರ್ಷದ ಮೇಲೆ ಎಲ್ಲರೂ ನಿಜವಾಗಿ ಒಂದೇ ಸಾಲಿನಲ್ಲಿ ಮೊಣಕೈ ತಾಗಿಸಿಕೊಂಡು ಕೂತರು. ಬಾಗಿಲ ಹತ್ತಿರ ಬುಟ್ಟಿಗಳಲ್ಲಿ ರೊಟ್ಟಿ ರಾಶಿಯಾಗಿತ್ತು. ದುಂಡಗಿದ್ದವು ಹತ್ತೋ ಹನ್ನೆರಡೋ, ಉಳಿದವಕ್ಕೆ ಹೆಸರಿಡುವ ಹಾಗಿರಲಿಲ್ಲ. ಎಣಗಾಯಿಗೆ ಬೇಕಾದ ಎಣ್ಣೆಗೆ ಶೇಷಾದ್ರಿಯವರ ಬಾಟಲಿಗಳು ಸರಿಹೋದವು. ಗುಂಡಪ್ಪ ತಮ್ಮ ರೊಟ್ಟಿಯ ಅರ್ಧವನ್ನು ಅನಸೂಯಾಳ ಎಲೆಗೆ ಮುರಿದಿಟ್ಟು, “ಯುದ್ಧದ ವಿಷಯ ಬೇರೆ, ಚಟ್ನಿ ವಿಷಯ ಬೇರೆ” ಅಂದರು. ಅವಳು ನಗಲಿಲ್ಲ, ಆದರೆ ತಿಂದಳು. ಅವಳ ಟೆಸ್ಟರ್ ಗಡಿ ದಾಟಿದ್ದಳು ಎಂದು ಆ ಬೆಳಿಗ್ಗೆ ಸುದ್ದಿ ಬಂದಿತ್ತು.

ಸಿದ್ರಾಮಪ್ಪನವರು ಬುಟ್ಟಿ ಹಿಡಿದು ಬಡಿಸುತ್ತ ಬಂದರು. ಇಡೀ ಸಭಾಭವನ ರೊಟ್ಟಿ ಮುರಿಯುವ ಸದ್ದಿನಿಂದ ಪಟಪಟ ಅನ್ನುತ್ತಿತ್ತು. ಸಾಲಿನ ತುದಿಯಲ್ಲಿ ಆ ತರುಣ ಕೂತಿದ್ದ. ಎಲೆ ಖಾಲಿ ಮಾಡಿ ತಲೆ ಎತ್ತಿ, ಬಾಯಿ ತುಂಬ ನಗುತ್ತ ಹೇಳಿದ:

“ಸೂಪರ್ ಅಂಕಲ್! ಇನ್ನೊಂದು ಹಪ್ಪಳ ಹಾಕಿ.”

ಸಿದ್ರಾಮಪ್ಪನವರು ಹೂಂ ಅಂದರು. ಬುಟ್ಟಿಯಲ್ಲಿ ಹುಡುಕಿ, ಇದ್ದದ್ದರಲ್ಲಿ ದುಂಡಗಿದ್ದದ್ದನ್ನು ಅವನಿಗೆ ಹಾಕಿದರು.

ಮುಂದಿನ ಯುಗಾದಿಗೆ ಅವರು ಇರಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಪಂಪು ನೋಡಲು ಹೋದವರು ಸೈಕಲ್ ನಿಲ್ಲಿಸಿ, ಬೀಗ ಹಾಕಿ, ಪಕ್ಕದ ಬೆಂಚಿನ ಮೇಲೆ ಕೂತರು. ಅಷ್ಟೆ. ಹೃದಯ ನಿಂತಿತ್ತು. ಪಂಪು ನಡೆಯುತ್ತಿತ್ತು.

ಚಿತಾಗಾರದ ಸಭಾಂಗಣವನ್ನು ಮುಕ್ಕಾಲು ಗಂಟೆಗೆ ಕೊಟ್ಟಿದ್ದರು. ಇಲ್ಲಿಯ ಪದ್ಧತಿಯಂತೆ ಆಮೇಲೆ ಕಾಫಿ ಮತ್ತು ಕೇಕಿನ ತುಂಡು ಕೊಡಬೇಕು. ಕೇಕು ಬೇಡ ಎಂದು ಹೇಳಿ, ಹಿಂದಿನ ಮೇಜಿನ ಮೇಲೆ ಬಳಗದವರು ಬಡಿದು ತಂದ ರೊಟ್ಟಿಗಳನ್ನು ಇಟ್ಟಿದ್ದರು. ಪಂಪ್ ಆಫೀಸಿನ ಡಚ್ಚರು ಅವುಗಳ ಆಕಾರ ನೋಡಿ, ಇದಕ್ಕೆ ಏನಾದರೂ ಅರ್ಥವಿರಬೇಕು ಎಂದು ಗೌರವದಿಂದ ತಲೆಬಾಗಿಸಿದರು.

ಮಾತಾಡಲು ಎದ್ದದ್ದು ಶೇಷಾದ್ರಿ. ನಾಗಮಣಿ ಗಡಿಯಾರ ನೋಡಿಕೊಂಡರು. ಶೇಷಾದ್ರಿ ಶುರುಮಾಡಿದರು: ನೀರು, ಇಂಡಿ, ಡೆಲ್ಫ್ಟ್, ಸೈಕಲ್ಲು. ಸ್ವಲ್ಪ ದೂರ ಹೋಗಿ ಉಸಿರು ತೆಗೆದುಕೊಳ್ಳಲು ನಿಂತರು. ನಿಂತವರು ನಿಂತೇ ಇದ್ದರು. ಆ ಜಾಗದಲ್ಲಿ ಏನೋ ಬರಬೇಕಿತ್ತು, ಬರಲಿಲ್ಲ. ಅವರು ಎದುರಿನ ಸಾಲುಗಳನ್ನು ನೋಡಿದರು, ಕಾಗದ ನೋಡಿದರು, ಕನ್ನಡಕ ತೆಗೆದರು. ಕೈಯಲ್ಲಿ ಇನ್ನೂ ಎಂಟು ಹಾಳೆ ಇತ್ತು.

ಮುಂದಿನ ಸಾಲಿನಲ್ಲಿ ಕೂತಿದ್ದ ಶಿವಗಂಗವ್ವ ತಲೆ ಎತ್ತಿದರು.

“ಹೂಂ,” ಅಂದರು.

ಶೇಷಾದ್ರಿ ಕನ್ನಡಕ ಹಾಕಿಕೊಂಡು ಮುಂದುವರಿಸಿದರು.